ಹುಸಿ ಮತ್ತು ಅಸಹ್ಯ: ಒಂದು ಜಿಜ್ಞಾಸೆ

ಮೇ ತಿಂಗಳ ಎರಡನೆಯ ರವಿವಾರ ನನಗೆ ಒಗ್ಗದ ದಿನ. ಅಂದು ‘ತಾಯಂದಿರ ದಿನ’ವೆಂಬುದು ಈಗ ನಮ್ಮ ಹಳ್ಳಿಪಳ್ಳಿಗಳಲ್ಲಿಯೂ ಎಲ್ಲರಿಗೂ ತಿಳಿದುಹೋಗಿದೆ. ಬೆಳಗಿನ ಲಿಂಗಪೂಜೆಯನ್ನು ಮುಗಿಸಿ ಮೊಬೈಲನ್ನು ಕೈಗೆತ್ತಿಕೊಂಡರೆ, ಗುಲಾಬಿ ಹೂಗಳ ನಡುವೆ ತಾಯಿಯೊಬ್ಬಳು ಕೂಸನ್ನು ಅಪ್ಪಿಕೊಂಡಿರುವ ಒಂದೇ ಚಿತ್ರ ಹನ್ನೆರಡು ಕಡೆಯಿಂದ ಬಂದು ಬಿದ್ದಿರುತ್ತದೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಕಳಿಸಿದವರಲ್ಲಿ ಕೆಲವರು ತಾಯಿಯನ್ನು ಊರಲ್ಲಿ ಒಂಟಿಯಾಗಿ ಬಿಟ್ಟು ವರ್ಷಗಟ್ಟಲೆ ಆ ಕಡೆ ತಲೆಹಾಕದವರೆಂಬುದೂ ನನಗೆ ಗೊತ್ತು. ಈ ಹಬ್ಬದ ವಿಷಯದಲ್ಲಿ ನನಗಿರುವ ಭಾವಕ್ಕೆ ‘ಅಸಮ್ಮತಿ’ ಎಂದು ಹೆಸರಿಟ್ಟರೆ ನನ್ನನ್ನು ನಾನೇ ಹೊಗಳಿಕೊಂಡಂತಾದೀತು. ಸರಿಯಾದ ಹೆಸರು ಅಸಹ್ಯವೆಂದೇ.

ನನ್ನಲ್ಲಿ ಇನ್ನೊಂದು ಚಾಳಿಯೂ ಉಂಟು. ಮೂವತ್ತು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಸಣ್ಣಕಥೆಗಳನ್ನು ಬರೆಯುತ್ತ ಬಂದಿದ್ದೇನೆ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿಗಳು ಬಿಟ್ಟುಹೋದ ನೋಟುಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಬಿಡಿಸಿ, ದಬ್ಬಣದಿಂದ ಹೊಲಿದು ಒಂದು ಪುಸ್ತಕ ಮಾಡಿಕೊಳ್ಳುತ್ತೇನೆ. ರಾತ್ರಿಯ ಪ್ರಸಾದವಾದ ಬಳಿಕ ಒಂದು ತಾಸು ಅದರ ಮುಂದೆ ಕುಳಿತರೆ ದಿನದ ದಣಿವು ಕಳೆಯುತ್ತದೆ. ಅಚ್ಚಾದವು ನಾಲ್ಕು, ಟ್ರಂಕಿನಲ್ಲಿ ಇರುವವನ್ನು ಎಣಿಸಿಲ್ಲ. ಇದರಿಂದ ನನಗೆ ಹಣವೂ ಬಂದಿಲ್ಲ, ಹೆಸರೂ ಬಂದಿಲ್ಲ. ಬರಬೇಕೆಂದು ಬರೆದವನೂ ಅಲ್ಲ. ಕೆಲವರು ಎಲೆಅಡಿಕೆ ಹಾಕಿಕೊಳ್ಳುವಂತೆ ನಾನು ಕಥೆ ಬರೆಯುತ್ತೇನೆ.

ಬಸವಣ್ಣನವರ ಏಳು ನಿಷೇಧಗಳನ್ನು ಓದುಗರಿಗೆ ನಾನು ಹೇಳಿಕೊಡಬೇಕಾದುದಿಲ್ಲ. ಭಕ್ತರ ಮನೆಯಲ್ಲಿ ಎಳೆಯ ಮಕ್ಕಳಿಗೂ ಅವು ಬಾಯಿಪಾಠವಾಗಿವೆ. ಅವುಗಳಲ್ಲಿ ಮೂರನೆಯದು ಹುಸಿಯನ್ನು ಕುರಿತದ್ದು. ಐದನೆಯದು ಅನ್ಯರ ವಿಷಯದ ಅಸಹ್ಯವನ್ನು ಕುರಿತದ್ದು. ತರಗತಿಯಲ್ಲಿ ಪಾಠ ಹೇಳುವಾಗ ಮೂರನೆಯದಕ್ಕೆ ಬಂದೊಡನೆ ನಾನು ಸ್ವಲ್ಪ ಬೇಗನೆ ಮುಂದೆ ಸರಿದುಬಿಡುತ್ತಿದ್ದೆ. ಕಥೆ ಕಟ್ಟುವವನಿಗೆ ಆ ಮಾತು ಚುಚ್ಚದೆ ಇರದು. ಐದನೆಯದರಲ್ಲಿ ಮಾತ್ರ ನಿಶ್ಚಿಂತನಾಗಿ ನಿಂತು ಉದಾಹರಣೆಗಳನ್ನು ಕೊಟ್ಟು ವಿವರಿಸುತ್ತಿದ್ದೆ. ಜಾತಿಯನ್ನು ನೋಡಿ, ಬಡತನವನ್ನು ನೋಡಿ ಹೇಸಿಕೊಳ್ಳುವ ಸ್ವಭಾವ ನನ್ನದಲ್ಲವೆಂದು ನನಗೆ ಗಟ್ಟಿ ನಂಬಿಕೆ. ಕಳೆದ ವರ್ಷ ಇವೆರಡೂ ಒಂದೇ ಕಥೆಯಲ್ಲಿ ಸೇರಿ ನನ್ನನ್ನು ಹಿಡಿದುಕೊಂಡವು. ಆ ಸಂಗತಿಯನ್ನು ಹೇಳಬೇಕೆಂದೇ ಈ ಲೇಖನ. ಆದರೆ ಮೊದಲು ನನ್ನ ಅಸಹ್ಯಕ್ಕೆ ಇರುವ ಕಾರಣಗಳನ್ನು ಒಂದಿಷ್ಟು ತೂಗಿ ನೋಡಬೇಕು.

ಈ ಹಬ್ಬ ಪರದೇಶದ್ದು, ಆದುದರಿಂದ ಬೇಡ: ಮೊದಲು ನಾಲಗೆಗೆ ಬರುವ ವಾದ ಇದು. ಬಹಳ ದಿನ ನಾನೂ ಇದನ್ನೇ ಹೇಳುತ್ತಿದ್ದೆ. ಆದರೆ ಈ ವಾದವನ್ನು ಊಟಕ್ಕೆ ಕುಳಿತಾಗ ಮಾಡಲು ಬರುವುದಿಲ್ಲ. ರೊಟ್ಟಿಯ ಮಗ್ಗುಲಲ್ಲಿರುವ ಚಟ್ನಿಯೊಳಗಿನ ಶೇಂಗಾ ದಕ್ಷಿಣ ಅಮೆರಿಕದ ಬೆಳೆ; ಅದರೊಳಗಿನ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಪೋರ್ತುಗೀಜರ ಕಾಲದಲ್ಲಿ ಹಡಗು ಹತ್ತಿ ಬಂದುದು. ಬ್ಯಾಡಗಿಯ ಹೆಸರಿನಿಂದ ಲೋಕಪ್ರಸಿದ್ಧವಾದ ಕಾಯಿಯ ವಂಶಕ್ಕೆ ನಮ್ಮ ನೆಲದಲ್ಲಿ ಐದುನೂರು ವರ್ಷಗಳಿಗೆ ಮಿಕ್ಕಿದ ಇತಿಹಾಸವಿಲ್ಲ. ಅಷ್ಟೇಕೆ, ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಕಲ್ಯಾಣಕ್ಕೂ ಆದಯ್ಯನವರು ಸೌರಾಷ್ಟ್ರದಿಂದ ಪುಲಿಗೆರೆಗೂ ಬಂದರೆಂದು ನಮ್ಮ ಪರಂಪರೆಯೇ ಹೇಳುತ್ತದೆ. ಹೊರಗಿನಿಂದ ಬಂದುದೆಂಬ ಒಂದೇ ಕಾರಣಕ್ಕೆ ಕದ ಮುಚ್ಚುವುದು ಶರಣರ ಮನೆಯ ಪದ್ಧತಿಯಾಗಿರಲಿಲ್ಲ. ಈ ವಾದವನ್ನು ನಾನು ಕೈಬಿಟ್ಟೆ. ಅಸಹ್ಯವು ಮಾತ್ರ ನನ್ನನ್ನು ಬಿಡಲಿಲ್ಲ.

ಹಾಗಾದರೆ ಇದನ್ನು ಹುಟ್ಟಿಸಿದವರು ಯಾರು, ಯಾವ ಉದ್ದೇಶದಿಂದ ಎಂದು ವಿಚಾರಿಸಲು ಹೊರಟೆ. ವ್ಯಾಜ್ಯದ ಎದುರಾಳಿಯ ಕಾಗದಪತ್ರಗಳಲ್ಲಿ ತಪ್ಪು ಹುಡುಕುವವನಂತೆ ಹೊರಟೆನೆಂದು ಒಪ್ಪಿಕೊಳ್ಳುತ್ತೇನೆ. ದೊರೆತದ್ದು ಬೇರೆಯೇ ಆಯಿತು.

ಅಮೆರಿಕದ ಪಶ್ಚಿಮ ವರ್ಜೀನಿಯಾ ಸೀಮೆಯಲ್ಲಿ ಆ್ಯನ್ ರೀವ್ಸ್ ಜಾರ್ವಿಸ್ ಎಂಬ ಗೃಹಿಣಿಯಿದ್ದಳು. ಹಡೆದ ಹತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಪ್ರಾಯಕ್ಕೆ ಬಂದವರು ನಾಲ್ವರೇ. ಕೂಸುಗಳು ಜ್ವರಜಡ್ಡುಗಳಿಗೆ ಸಾಲುಸಾಲಾಗಿ ಬಲಿಯಾಗುತ್ತಿದ್ದ ಕಾಲ ಅದು. ಈ ತಾಯಿ ತನ್ನ ದುಃಖವನ್ನು ಮನೆಯ ಮೂಲೆಯಲ್ಲಿ ಇಟ್ಟುಕೊಂಡು ಕೂಡಲಿಲ್ಲ. 1858ರ ಸುಮಾರಿಗೆ ಊರೂರಿನ ತಾಯಂದಿರನ್ನು ಕೂಡಿಸಿ ಸಂಘಗಳನ್ನು ಕಟ್ಟಿದಳು. ಕುಡಿಯುವ ನೀರು, ಮಕ್ಕಳ ಹಾಲು, ಮನೆಯ ಸುತ್ತಲಿನ ನೈರ್ಮಲ್ಯ ಇವುಗಳ ಸುಧಾರಣೆಗಾಗಿ ದುಡಿದಳು. ಬಡವರ ಔಷಧಿಗಾಗಿ ಹಣ ಕೂಡಿಸಿದಳು. 1861ರಿಂದ 1865ರ ವರೆಗೆ ಆ ದೇಶದಲ್ಲಿ ಅಂತರ್ಯುದ್ಧ ನಡೆಯಿತು. ಒಂದೇ ಊರಿನ ಅಣ್ಣತಮ್ಮಂದಿರು ಎರಡು ಸೈನ್ಯಗಳಲ್ಲಿ ನಿಂತು ಬಡಿದಾಡಿದರು. ಆಗ ಈಕೆಯ ಸಂಘದವರು ಎರಡೂ ಪಕ್ಷದ ರೋಗಿಗಳಿಗೂ ಗಾಯಾಳುಗಳಿಗೂ ಶುಶ್ರೂಷೆ ಮಾಡಿದರು. ಇದಕ್ಕೆ ಕಾಯಕವೆಂಬುದಲ್ಲದೆ ಬೇರೆ ಯಾವ ಶಬ್ದವೂ ನನಗೆ ಹೊಳೆಯುವುದಿಲ್ಲ.

ಆಕೆ 1905ರ ಮೇ 9ರಂದು ತೀರಿಕೊಂಡಳು. ಮಗಳು ಆ್ಯನಾ ಜಾರ್ವಿಸ್ ಅವಿವಾಹಿತೆ, ಸ್ವತಃ ತಾಯಿಯಾದವಳಲ್ಲ. ತನ್ನ ತಾಯಿಯ ಸ್ಮರಣೆಗಾಗಿ, ಹಾಗೆಯೇ ಪ್ರತಿಯೊಬ್ಬರೂ ತಮ್ಮ ತಮ್ಮ ತಾಯಿಯನ್ನು ನೆನೆಯುವುದಕ್ಕಾಗಿ, ವರ್ಷಕ್ಕೊಂದು ದಿನ ಇರಬೇಕೆಂದು ಹಟ ಹಿಡಿದವಳು ಈಕೆ. 1908ರ ಮೇ 10ರಂದು ಗ್ರಾಫ್ಟನ್ ಎಂಬ ಊರಿನ ಚರ್ಚಿನಲ್ಲಿ ಮೊದಲ ಆಚರಣೆ ನಡೆಯಿತು. ತಾಯಿಗೆ ಪ್ರಿಯವಾಗಿದ್ದ ಬಿಳಿಯ ಕಾರ್ನೇಷನ್ ಹೂಗಳನ್ನು, ಎಣಿಸಿ 500, ಮಗಳು ಅಲ್ಲಿಗೆ ಕಳಿಸಿಕೊಟ್ಟಿದ್ದಳು. ತಾನು ಮಾತ್ರ ಅಂದು ಫಿಲಡೆಲ್ಫಿಯಾ ಪಟ್ಟಣದಲ್ಲಿದ್ದಳು. ಅಲ್ಲಿ ಅದೇ ದಿನ ಮತ್ತೊಂದು ಸಭೆ ಸೇರಿದ್ದು ವಾನಮೇಕರ್ ಎಂಬ ದೊಡ್ಡ ವರ್ತಕನ ಅಂಗಡಿಯ ಸಭಾಂಗಣದಲ್ಲಿ. ಹಬ್ಬ ಹುಟ್ಟಿದ ದಿನವೇ ಅಂಗಡಿಯು ತೊಟ್ಟಿಲ ಮಗ್ಗುಲಲ್ಲಿ ನಿಂತಿತ್ತೆಂದರೆ ತಪ್ಪಾಗಲಾರದು. 1914ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಮೇ ತಿಂಗಳ ಎರಡನೆಯ ರವಿವಾರವನ್ನು ರಾಷ್ಟ್ರೀಯ ದಿನವಾಗಿ ಘೋಷಿಸಿದ.

ಮುಂದಿನದು ವಿಷಾದಕರ. ಹೂ ಮಾರುವವರು ಬೆಲೆ ಏರಿಸಿದರು. ಮಿಠಾಯಿಯವರು ಡಬ್ಬಿಗೆ ರಿಬ್ಬನ್ ಕಟ್ಟಿದರು. ಮುದ್ರಣದವರು ಶುಭಾಶಯದ ಕಾರ್ಡುಗಳನ್ನು ಗಾಡಿಗಟ್ಟಲೆ ಹೊಡೆದರು. ಆ್ಯನಾ ಜಾರ್ವಿಸ್ ಕೆರಳಿ ನಿಂತಳು. ಅವಳ ಸಿಟ್ಟೆಲ್ಲ ವಿಶೇಷವಾಗಿ ಆ ಅಚ್ಚಿನ ಕಾರ್ಡುಗಳ ಮೇಲೆ: ತನ್ನನ್ನು ಹಡೆದವಳಿಗೆ ಸ್ವಂತ ಕೈಯಿಂದ ನಾಲ್ಕು ಸಾಲು ಬರೆಯಲಾರದ ಸೋಮಾರಿಗೆ ಮಾತ್ರ ಅವು ಬೇಕೆಂದು ಅವಳ ಮತ. ಉಳಿದ ಆಯುಷ್ಯವನ್ನೂ ಕೈಯಲ್ಲಿದ್ದ ಹಣವನ್ನೂ ಈ ವ್ಯಾಪಾರದ ವಿರುದ್ಧ ಹೋರಾಡುವುದರಲ್ಲಿ ಸುರಿದಳು. 1925ರಲ್ಲಿ ಒಂದು ಸಮ್ಮೇಳನಕ್ಕೆ ನುಗ್ಗಿ ಪ್ರತಿಭಟಿಸಿದುದಕ್ಕಾಗಿ ಬಂಧನಕ್ಕೂ ಒಳಗಾದಳು. ಕಡೆಗಾಲದಲ್ಲಿ, ತಾನೇ ತಂದ ದಿನವನ್ನು ರದ್ದುಮಾಡಿಸಬೇಕೆಂದು ಸಹಿ ಕೂಡಿಸುತ್ತ ಮನೆಮನೆ ತಿರುಗಿದಳು. 1948ರ ನವೆಂಬರಿನಲ್ಲಿ, 84ನೆಯ ವಯಸ್ಸಿನಲ್ಲಿ, ಒಂದು ಆರೋಗ್ಯಧಾಮದಲ್ಲಿ ಬಡವಳಾಗಿ ಸತ್ತಳು.

ಇದನ್ನು ಓದಿದಾಗ ನನಗೆ ಬಲವಾದ ಸಾಕ್ಷಿಯೊಬ್ಬರು ದೊರೆತಂತಾಯಿತು. ಹಬ್ಬವನ್ನು ಹಡೆದವಳೇ ಅದನ್ನು ಸಹಿಸಲಾರದೆ ಹೋದಳೆಂದ ಮೇಲೆ ನನ್ನ ಮಾತಿಗೆ ಯಾರು ಎದುರಾಡಿಯಾರು? ನಮ್ಮ ಶಾಲೆಯ ಸಹೋದ್ಯೋಗಿಗಳ ಮುಂದೆ ಈ ಕಥೆಯನ್ನು ಎಷ್ಟು ಸಲ ಹೇಳಿದೆನೋ ತಿಳಿಯದು. ಅವಳಿಗೂ ನನಗೂ ಇದ್ದ ಅಂತರ ಆಗ ಹೊಳೆಯಲಿಲ್ಲ. ಅವಳ ಸಿಟ್ಟಿನ ಹಿಂದೆ ಒಬ್ಬ ತಾಯಿ ಇದ್ದಳು. ನನ್ನ ಸಿಟ್ಟಿನ ಹಿಂದೆ ಯಾರಿದ್ದರು?

ಇಂಗ್ಲೆಂಡಿನ ಸಂಗತಿಯೂ ಸ್ವಾರಸ್ಯವಾಗಿದೆ. ಅಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತಕಾಲದ ನಾಲ್ಕನೆಯ ರವಿವಾರದಂದು, ಸಿರಿವಂತರ ಮನೆಗಳಲ್ಲಿ ಚಾಕರಿಗಿದ್ದ ಹುಡುಗ ಹುಡುಗಿಯರಿಗೆ ತಾಯಿಯ ಮನೆಗೆ ಹೋಗಿಬರಲು ರಜೆ ಕೊಡುವ ಹಳೆಯ ವಾಡಿಕೆಯಿತ್ತು. ಅದು ಕ್ಷೀಣಿಸಿತ್ತು. 1913ರಲ್ಲಿ ಅಮೆರಿಕದ ಹೊಸ ಹಬ್ಬದ ಸುದ್ದಿಯನ್ನು ಓದಿದ ಕಾನ್‌ಸ್ಟನ್ಸ್ ಪೆನ್ಸ್‌ವಿಕ್ ಸ್ಮಿತ್ ಎಂಬ ಮಹಿಳೆ, ನಮ್ಮದೇ ಒಂದು ಇರುವಾಗ ಆಮದಿನದು ಏಕೆ ಎಂದು ಆ ಹಳೆಯದನ್ನು ಪುನರುಜ್ಜೀವಿಸಲು ಟೊಂಕ ಕಟ್ಟಿದಳು. ವಾಡಿಕೆ ಬದುಕಿತು. ಅದರ ಬೆನ್ನಿಗೆ ಕಾರ್ಡು, ಹೂ, ಮಿಠಾಯಿಗಳೂ ಬಂದವು. ಆಮದಾದುದನ್ನು ತಡೆದರೂ ಅಂಗಡಿಯನ್ನು ತಡೆಯಲಾಗಲಿಲ್ಲ.

ಈ ಉದಾಹರಣೆಯನ್ನು ಹಿಡಿದು ನಮ್ಮ ಪಂಚಾಂಗದಲ್ಲಿಯೂ ಅಂಥದೊಂದು ದಿನವನ್ನು ಹುಡುಕಿದೆ. ನಮ್ಮಲ್ಲಿ ದಿನವೂ ತಾಯಂದಿರ ದಿನವೇ ಎಂದು ಭಾಷಣಗಳಲ್ಲಿ ಹೇಳುವುದುಂಟು, ನಾನೂ ಹೇಳಿದ್ದೇನೆ. ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರುವು ತಾಯಿಯನ್ನು ದೇವರೆಂದು ಭಾವಿಸು ಎಂದು ತೈತ್ತಿರೀಯೋಪನಿಷತ್ತಿನಲ್ಲಿ ಉಪದೇಶಿಸುತ್ತಾನೆ. ದೊಡ್ಡ ಮಾತು. ಆದರೆ ನಮ್ಮ ಹಬ್ಬಗಳನ್ನು ಒಂದೊಂದಾಗಿ ಕಣ್ಣಮುಂದೆ ತಂದುಕೊಂಡರೆ ಪ್ರತಿಯೊಂದರಲ್ಲಿಯೂ ತಾಯಿ ಕಾಣುವುದು ಒಲೆಯ ಮುಂದೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಜೀಕುತ್ತಾರೆ. ವಾರದ ಮೊದಲೇ ಉಂಡಿ ಕಟ್ಟಲು ಕುಳಿತವಳು ತಾಯಿ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳಿಗಾಗಿ ನಸುಕಿನಲ್ಲಿ ಎದ್ದವಳು ತಾಯಿ. ಸೀಗೆಹುಣ್ಣಿಮೆಯಂದು ಬಸುರಿಯಾದ ಭೂತಾಯಿಗೆ ಬಯಕೆಯ ಊಟವನ್ನು ಉಣಿಸುತ್ತೇವಲ್ಲವೇ? ಆ ಊಟವನ್ನು ಅಟ್ಟವಳು ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದುದನ್ನು ಕೊನೆಗೆ ಉಣ್ಣುತ್ತಾಳೆ. ತಾಯಿ ಕುಳಿತಿರಬೇಕು, ಮಿಕ್ಕವರು ಅವಳಿಗೆ ಬಡಿಸಬೇಕು ಎನ್ನುವ ಒಂದು ಹಬ್ಬವನ್ನೂ ನಮ್ಮ ಸೀಮೆಯಲ್ಲಿ ನಾನು ಕಾಣೆ. ಹೀಗಿರಲು, ಪರದೇಶದವರು ಅಂಥದೊಂದನ್ನು ಕಲ್ಪಿಸಿದರೆಂದು ಮೂಗು ಮುರಿಯುವ ಮೊದಲು ಗಂಡಸರಾದ ನಾವು ಸ್ವಲ್ಪ ಸುಮ್ಮನಿರುವುದು ಲೇಸು.

ಇನ್ನು ಹುಸಿಯ ವಿಚಾರ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಗುರುಗಳೇ, ಕಥೆ ಬರೆಯುವುದು ಹುಸಿ ನುಡಿದಂತಲ್ಲವೇ?” ಎಂದು ಕೇಳಿಬಿಟ್ಟ. ನಾನು ಕಥೆ ಬರೆಯುವುದು ಅವನಿಗೆ ಗೊತ್ತಿತ್ತೋ ಇಲ್ಲವೋ. ನಾನು ಓದಿದ ಶಾಸ್ತ್ರ ಆಗ ಕೈಹಿಡಿಯಿತು. ನಡೆದುದನ್ನು ಹೇಳುವುದು ಆಖ್ಯಾಯಿಕೆ, ಕಲ್ಪಿಸಿ ಕಟ್ಟಿದುದು ಕಥೆ ಎಂದು ಅಮರಕೋಶವು ಭೇದ ಮಾಡುತ್ತದೆ. ಬಾಣನ ಹರ್ಷಚರಿತ ಮೊದಲ ಜಾತಿಯದು, ಕಾದಂಬರಿ ಎರಡನೆಯದು. ಹುಸಿಗೆ ಮೋಸಹೋಗುವವನೊಬ್ಬ ಇರಬೇಕು. ಕಥೆಯಲ್ಲಿ ಹೇಳುವವನಿಗೂ ಕೇಳುವವನಿಗೂ ಇದು ಕಲ್ಪಿತವೆಂಬುದು ಮೊದಲೇ ಗೊತ್ತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರಕಾರದ ಜವಾಬ್ದಾರಿಯ ಹುದ್ದೆಯಲ್ಲಿದ್ದುಕೊಂಡೇ ಕಥೆ ಬರೆದರು. 1920ರಲ್ಲಿ ಅವರ ಮೊದಲ ಸಂಕಲನ ಬಂದಾಗ ಯಾರೂ ಅವರನ್ನು ಸುಳ್ಳುಗಾರರೆನ್ನಲಿಲ್ಲ. ಇಷ್ಟನ್ನೂ ಹೇಳಿದೆ. ಹುಡುಗ ಕುಳಿತುಕೊಂಡ.

ಅವನಿಗೆ ಇನ್ನೊಂದು ಮಾತನ್ನೂ ಹೇಳಿದೆ. ಆಗ ಅದರ ಭಾರ ನನಗೇ ತಿಳಿದಿರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಶೂನ್ಯಸಂಪಾದನೆಯನ್ನು ಜೋಡಿಸಿದಾಗ, ಬೇರೆ ಬೇರೆ ಹೊತ್ತಿನಲ್ಲಿ ಹುಟ್ಟಿದ ವಚನಗಳನ್ನು ಒಂದು ಸಂವಾದದ ಸೂತ್ರದಲ್ಲಿ ಪೋಣಿಸಿದರು. ಯಾರು ಯಾರೆದುರು ನಿಂತರು, ಯಾವ ಮಾತಿಗೆ ಯಾವುದು ಉತ್ತರವಾಯಿತು ಎಂಬ ಸನ್ನಿವೇಶವನ್ನು ಕಟ್ಟಿದವರು ಅವರೇ. ಆದರೆ ಅಕ್ಕಮಹಾದೇವಿಯವರು ಬಾಯಿ ತೆರೆದಲ್ಲಿ ಅಕ್ಕನ ವಚನವನ್ನೇ ತಂದಿಟ್ಟರು, ಅಲ್ಲಮಪ್ರಭುಗಳು ನುಡಿದಲ್ಲಿ ಪ್ರಭುವಿನ ವಚನವನ್ನೇ ತಂದಿಟ್ಟರು. ಒಬ್ಬರ ಬಾಯಿಗೆ ತಮ್ಮ ಮಾತನ್ನು ತುರುಕಲಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ.

ನನಗಿಂತ ಆರು ವರ್ಷಕ್ಕೆ ಹಿರಿಯಳಾದ ಅಕ್ಕನೊಬ್ಬಳಿದ್ದಾಳೆ. ಅವಳನ್ನು ಊರಲ್ಲಿಯೇ ಕೊಟ್ಟಿದ್ದರಿಂದ ನಮ್ಮ ತಾಯಿಯ ಕೊನೆಯ ವರೆಗೆ ಅವಳ ಆರೈಕೆಯೆಲ್ಲ ಅಕ್ಕನದೇ ಆಯಿತು. ಅಕ್ಕನ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಕಳೆದ ವರ್ಷ ತಾಯಂದಿರ ದಿನದಂದು ಅವನು ತಾಲೂಕಿನ ಬೇಕರಿಯೊಂದಕ್ಕೆ ಫೋನು ಮಾಡಿ, ಒಬ್ಬ ಹುಡುಗನ ಕೈಯಲ್ಲಿ ಒಂದು ಕೇಕನ್ನು ಮನೆಗೆ ಕಳಿಸಿಕೊಟ್ಟ. ಅದರ ಮೇಲೆ ಸಕ್ಕರೆಯಿಂದ ಇಂಗ್ಲಿಷ್ ಅಕ್ಷರ. ಜೊತೆಗೆ ಅಚ್ಚುಹಾಕಿದ ಒಂದು ಕಾರ್ಡು, ಅದೂ ಇಂಗ್ಲಿಷಿನದೇ. ಅಕ್ಕ ಏಳನೆಯ ಇಯತ್ತೆಯ ವರೆಗೆ ಕನ್ನಡ ಕಲಿತವಳು. ಮರುದಿನ ನಾನು ಊರಿಗೆ ಹೋದಾಗ ಪೆಟ್ಟಿಗೆಯನ್ನು ತಂದು ತೋರಿಸಿದಳು. ನಡೆದುದನ್ನೆಲ್ಲ ಬಿಡದೆ ಹೇಳಿದಳು. ನಾನು ಕೇಳಿಸಿಕೊಂಡೆ, ಮನೆಗೆ ಬಂದು ಮೂರು ರಾತ್ರಿಯಲ್ಲಿ ‘ಸಕ್ಕರೆಯ ಅಕ್ಷರ’ ಎಂಬ ಕಥೆ ಬರೆದು ಮುಗಿಸಿದೆ.

ಕಥೆ ಇಷ್ಟು. ಹಳ್ಳಿಯ ಮುದುಕಿಗೆ ಪಟ್ಟಣದ ಮಗ ಕೇಕು ಕಳಿಸುತ್ತಾನೆ. ಮುದುಕಿ ಅದನ್ನು ಎರಡು ಬೆರಳಿನಿಂದ ಎತ್ತಿಕೊಂಡು ಹೋಗಿ ಎಮ್ಮೆಯ ಬಾನಿಗೆ ಸುರಿಯುತ್ತಾಳೆ. ಆಮೇಲೆ ಓಣಿಯ ಹೆಂಗಸರ ಮುಂದೆ ನಿಂತು ಮಾತೃಭಕ್ತಿ ಎಂದರೇನು, ಪರಕೀಯ ಆಡಂಬರ ಎಂದರೇನು ಎಂದು ಒಂದೂವರೆ ಪುಟ ಮಾತನಾಡುತ್ತಾಳೆ. ಸಹೋದ್ಯೋಗಿಗಳಿಗೆ ಓದಿ ತೋರಿಸಿದೆ. ಎಮ್ಮೆಯು ಸಕ್ಕರೆಯ ಅಕ್ಷರವನ್ನು ನೆಕ್ಕುವಲ್ಲಿ ಎಲ್ಲರೂ ನಕ್ಕರು. ಮುದುಕಿಯ ಮಾತು ಮುಗಿದಾಗ ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ನಾನು ಬರೆದವುಗಳಲ್ಲಿ ಇದು ಮೇಲೆಂದು ನನಗೂ ಅನ್ನಿಸಿತು.

ಶ್ರಾವಣದಲ್ಲಿ ಪುರಾಣ ಕೇಳಲೆಂದು ಅಕ್ಕ ನಮ್ಮಲ್ಲಿಗೆ ಬಂದಳು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಕನ್ನಡಕ ಹಾಕಿಕೊಂಡು ಆ ಹೊಲಿದ ಪುಸ್ತಕವನ್ನು ಓದುತ್ತ ಕುಳಿತಿದ್ದಳು. ಮುಗಿಸಿ, ಮಡಚಿ ಮಗ್ಗುಲಿಗಿಟ್ಟಳು.

“ತಮ್ಮಾ, ಕಥಿ ಛಲೋ ಬರದೀ. ಆದ್ರ ಆ ಮುದುಕಿಗೆ ಒಂದು ತುಣುಕರೆ ತಿನ್ನಾಕ ಬಿಡಬೇಕಾಗಿತ್ತು ನೋಡು.”

“ಅಕಿ ತಿಂದ್ರ ಕಥಿ ಎಲ್ಲಿ ಉಳಿತೈತಿ ಅಕ್ಕಾ?” ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹಸರ ಚುಕ್ಕಿ ಎಲ್ಲಿ ಹೋತು?” ಎಂದು ಕೇಳಿದಳು.

ಹಸಿರು ಚುಕ್ಕೆಯ ಸಂಗತಿಯನ್ನು ಓದುಗರಿಗೆ ಹೇಳಬೇಕು. ಅಂದು ಪೆಟ್ಟಿಗೆ ಕೈಗೆ ಬಂದಾಗ ಅಕ್ಕನಿಗೆ ಮೊದಲು ಹುಟ್ಟಿದ್ದು ಹೆದರಿಕೆ. ಕೇಕಿನಲ್ಲಿ ತತ್ತಿ ಹಾಕುತ್ತಾರೆಂಬುದನ್ನು ಅವಳು ಕೇಳಿದ್ದಳು. ಅಷ್ಟರಲ್ಲಿ ಮಗನ ಫೋನು ಬಂತು. “ಅವ್ವಾ, ಡಬ್ಬಿ ತಿರುಗಿಸಿ ನೋಡು, ಹಸರ ಚುಕ್ಕಿ ಐತಿ” ಎಂದ. ತತ್ತಿಯಿಲ್ಲದ್ದೇ ಬೇಕೆಂದು ಬೇಕರಿಯವನಿಗೆ ಮೂರು ಸಲ ಹೇಳಿದ್ದನಂತೆ. ಮುಟ್ಟಿತೋ ಇಲ್ಲವೋ ಎಂದು ಕೇಳುವುದಕ್ಕಿಂತ ಮೊದಲು ಅವನು ಹೇಳಿದ್ದು ಈ ಚುಕ್ಕೆಯ ಮಾತನ್ನೇ. ಅಕ್ಕ ತಿರುಗಿಸಿ ನೋಡಿದಳು. ಚುಕ್ಕೆ ಇತ್ತು. ಕೈಕಾಲು ತೊಳೆದು ಬಂದು, ಕೇಕನ್ನು ಲಿಂಗಕ್ಕೆ ಅರ್ಪಿಸಿ, ಓಣಿಯ ಮಕ್ಕಳನ್ನೆಲ್ಲ ಕರೆದು ಹಂಚಿದಳು. ತಾನೂ ಒಂದು ತುಣುಕು ತಿಂದಳು. ನನಗೆಂದು ಒಂದನ್ನು ಸ್ಟೀಲಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ಅದನ್ನು ನಾನು ತಿಂದೂ ಇದ್ದೆ. ಕಥೆಯಲ್ಲಿ ಇವು ಯಾವುವೂ ಇಲ್ಲ. ನೆನಪಿಗೆ ಬಾರದೆ ಬಿಟ್ಟೆನೆಂದು ಹೇಳಲಾರೆ. ಬರೆಯುವಾಗ ಆ ಚುಕ್ಕೆ ಎರಡು ಸಲ ಮನಸ್ಸಿನಲ್ಲಿ ಸುಳಿಯಿತು. ಅದು ಬಂದರೆ ಎಮ್ಮೆಯ ಪ್ರಸಂಗ ನಿಲ್ಲುವುದಿಲ್ಲವೆಂದು ಎರಡು ಸಲವೂ ಅದನ್ನು ಆಚೆಗೆ ತಳ್ಳಿದೆ.

ಒಂಬತ್ತನೆಯ ತರಗತಿಯ ಹುಡುಗನಿಗೆ ನಾನು ಕೊಟ್ಟ ಉತ್ತರ ಇಲ್ಲಿ ನನಗೆ ಒದಗಲಿಲ್ಲ. ಎಮ್ಮೆಯೂ ಬಾನಿಯೂ ಕಲ್ಪಿತವಾದವು; ಅವುಗಳಿಂದ ಯಾರಿಗೂ ಮೋಸವಿಲ್ಲ. ಆದರೆ ಮಗನೊಬ್ಬನ ಪ್ರೀತಿಯ ಗುರುತು ಎಲ್ಲಿದೆಯೆಂದು ತಿಳಿದಿದ್ದೂ ಅದನ್ನು ಅಡಗಿಸಿ, ಅವನಲ್ಲಿ ಪ್ರೀತಿಯೇ ಇಲ್ಲವೆಂದು ಓದುಗನು ತಿಳಿಯುವಂತೆ ಮಾಡಿದೆನಲ್ಲ, ಅದಕ್ಕೆ ಅಮರಕೋಶದ ಯಾವ ಪಂಕ್ತಿಯೂ ರಕ್ಷಣೆ ಕೊಡದು. ಮೋಸಹೋದವನು ಓದುಗ. ಇನ್ನು ಮುದುಕಿಯ ಒಂದೂವರೆ ಪುಟದ ಮಾತು: ಅದು ಯಾರ ಮಾತು? ಏಳನೆಯ ಇಯತ್ತೆ ಓದಿದ ಹೆಂಗಸು ‘ಪರಕೀಯ ಆಡಂಬರ’ ಎನ್ನುತ್ತಾಳೆಯೇ? ಅದು ಈ ಶಾಲಾಮಾಸ್ತರನ ಮಾತು. ಅನೌಚಿತ್ಯಕ್ಕಿಂತ ಮಿಗಿಲಾದ ರಸಭಂಗವಿಲ್ಲವೆಂದು ಆಲಂಕಾರಿಕರು ಹೇಳಿದುದನ್ನು ಇಪ್ಪತ್ತೈದು ವರ್ಷ ಪಾಠ ಹೇಳಿದವನು ನಾನು. ನನ್ನ ಅಕ್ಕನಂಥವಳ ಬಾಯಿಂದ ಅವಳ ಮಾತನ್ನು ಕಿತ್ತು ನನ್ನದನ್ನು ತುರುಕಿದೆ. ಮಹದೇವಯ್ಯನವರ ಹೆಸರನ್ನು ಆ ಹುಡುಗನ ಮುಂದೆ ಎತ್ತಿದ್ದು ನೆನಪಾಗಿ ನಾಚಿಕೆಯಾಯಿತು.

ಐದನೆಯ ನಿಷೇಧವೂ ಇಲ್ಲಿಯೇ ಬಂದು ನಿಂತಿತು. ನಾನು ಹಬ್ಬವೊಂದನ್ನು ಒಲ್ಲೆನೆಂದು ತಿಳಿದುಕೊಂಡಿದ್ದೆ. ಹಬ್ಬಕ್ಕೆ ಮುಖವಿಲ್ಲ, ಅಸಹ್ಯವು ಒಂದು ಮುಖವನ್ನು ಹುಡುಕಿಕೊಂಡೇ ತೀರುತ್ತದೆ. ನನ್ನದು ಹುಡುಕಿಕೊಂಡದ್ದು ನಮ್ಮ ಮನೆಯ ಹುಡುಗನ ಮುಖವನ್ನು. ಊರು ಬಿಟ್ಟವನು, ನನಗಿಂತ ನಾಲ್ಕು ಪಟ್ಟು ಸಂಬಳ ತರುವವನು, ಮಠಕ್ಕೆ ಬಂದಾಗ ಮೊಬೈಲು ನೋಡುತ್ತ ಕೂಡುವವನು. ಅವನಂಥವರನ್ನು ಕಂಡರೆ ನನಗೆ ಆಗುವುದಿಲ್ಲವೆಂಬುದನ್ನು ನಾನು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ, ಕಥೆ ಹೇಳಿಬಿಟ್ಟಿತು. ಜಾತಿಗೂ ಬಡತನಕ್ಕೂ ಹೇಸದವನೆಂದು ಹೆಮ್ಮೆಪಟ್ಟುಕೊಳ್ಳುತ್ತಿದ್ದವನ ಅಸಹ್ಯ ಬೇರೆ ಕೋಣೆಯಲ್ಲಿ ಕುಳಿತಿತ್ತು, ಅಷ್ಟೆ.

ಆದರೂ ನನ್ನ ಮಾತೆಲ್ಲ ತಪ್ಪೆಂದು ಒಪ್ಪಲು ಅಂದು ಮನಸ್ಸಾಗಲಿಲ್ಲ; ಇಂದಿಗೂ ಪೂರ್ತಿ ಒಪ್ಪಿಲ್ಲ. ಕಾರ್ಡಿನ ಮಾತನ್ನು ಎತ್ತಿದೆ. “ಚುಕ್ಕಿ ಇರಲಿ ಅಕ್ಕಾ, ಆ ಕಾರ್ಡಿನೊಳಗ ಅವನದು ಅಂತ ಒಂದು ಮಾತರೆ ಐತೇನು? ಯಾರೋ ಬರೆದದ್ದು, ಯಾರೋ ಅಚ್ಚು ಹಾಕಿದ್ದು, ನಿನಗ ಓದಾಕ ಬರದ ಭಾಷಾ. ಹದಿನಾಲ್ಕು ತಿಂಗಳಾತು ಅವ ಊರಿಗೆ ಬಂದು.” ಆ್ಯನಾ ಜಾರ್ವಿಸಳ ಕಥೆಯನ್ನೂ ಹೇಳಿದೆ. ಅಕ್ಕ ಕೇಳಿ, “ಪಾಪ, ಅವ್ವನ ಮ್ಯಾಲೆ ಭಾಳ ಜೀವ ಇತ್ತು ಅಕಿಗೆ” ಎಂದಳು. ಆಮೇಲೆ ನಕ್ಕಳು.

“ನೀ ಧಾರವಾಡದಾಗ ಕಲಿಯಾಕ ಇದ್ದಾಗ ಅವ್ವಗ ಕಾರ್ಡು ಹಾಕತಿದ್ದಿ. ಅದರಾಗ ಏನು ಬರೀತಿದ್ದಿ, ನೆನಪೈತೇನು?”

ನೆನಪಿರದೆ ಏನು. ತೀರ್ಥರೂಪ ಮಾತೃಶ್ರೀಯವರ ಚರಣಗಳಿಗೆ ಸಾಷ್ಟಾಂಗ ನಮಸ್ಕಾರ. ಇತ್ತ ನಾನು ಕ್ಷೇಮ. ಅತ್ತ ತಮ್ಮ ಕ್ಷೇಮ ಸಮಾಚಾರವನ್ನು ತಿಳಿಸುವುದು. ಇಂತು ತಮ್ಮ ಆಜ್ಞಾಧಾರಕ ಪುತ್ರ. ಎರಡು ವರ್ಷ, ತಿಂಗಳಿಗೊಂದರಂತೆ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ. ನಮ್ಮ ಗುರುಗಳು ವ್ಯಾಕರಣದ ತಾಸಿನಲ್ಲಿ ಪತ್ರಲೇಖನವೆಂದು ಬಾಯಿಪಾಠ ಮಾಡಿಸಿದ ಒಕ್ಕಣೆ ಅದು. ಅಚ್ಚುಹಾಕಿಸಿದ್ದರೂ ನಡೆಯುತ್ತಿತ್ತು. ತಾಯಿಗೆ ಓದು ಬರುತ್ತಿರಲಿಲ್ಲ. ಆ ಸಂಸ್ಕೃತದ ಮಾತುಗಳು ಅವಳಿಗೆ ಮಗನು ಕಳಿಸಿದ ಇಂಗ್ಲಿಷಿಗಿಂತ ಹೆಚ್ಚು ಅರ್ಥವಾಗುತ್ತಿದ್ದುವೆಂದು ನಾನು ಹೇಳಲಾರೆ. ಓದಿ ಹೇಳುತ್ತಿದ್ದವಳು ಅಕ್ಕ.

“ನೀ ಬರೀತಿದ್ದದ್ದು ಎರಡು ಸಾಲು,” ಎಂದಳು ಅಕ್ಕ. “ನಾ ಓದತಿದ್ದದ್ದು ಹತ್ತು ಸಾಲು.”

ಮೊದಲು ನನಗೆ ತಿಳಿಯಲಿಲ್ಲ. ತಿಳಿದಾಗ, ಏನು ಸೇರಿಸಿ ಓದುತ್ತಿದ್ದೆಯೆಂದು ಕೇಳಿದೆ.

“ಏನರೆ. ಅವ್ವ ಎದುರಿಗೆ ಕುಂತು ಬಾಯಿ ನೋಡತಿದ್ಲು. ಎರಡು ಸಾಲಿಗೆ ಮುಗಿಸಿದ್ರ ಹೆಂಗ? ನಿನಗ ಥಂಡಿ ಆಗಿತ್ತು, ಈಗ ಆರಾಮ ಅಂದೆ. ಒಮ್ಮೆ, ಇಲ್ಲಿ ಹಾಸ್ಟೆಲಿನ ಸಾರು ನಿನ್ನ ಕಟ್ಟಿನ ಸಾರಿನಂಗಿಲ್ಲವ್ವ ಅಂತ ಬರದಾನ ಅಂದೆ. ಅವತ್ತು ಅವ್ವ ಕಣ್ಣೊರಿಸಿಕೊಂಡ್ಲು.”

ಆ ವರ್ಷಗಳಲ್ಲಿ ನಾನು ರಜೆಗೆ ಊರಿಗೆ ಹೋದಾಗಲೆಲ್ಲ, ಹಬ್ಬವಿರಲಿ ಬಿಡಲಿ, ತಾಯಿ ಹೋಳಿಗೆ ಮಾಡಿ ಕಟ್ಟಿನ ಸಾರು ಕುದಿಸುತ್ತಿದ್ದಳು. ಬೇಳೆ ದುಬಾರಿಯಾದ ದಿನಗಳಲ್ಲಿಯೂ ಮಾಡಿದಳು. ಏಕೆ ಇಷ್ಟು ತ್ರಾಸು ತೆಗೆದುಕೊಳ್ಳುತ್ತಾಳೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅವಳು ಒಂದು ಕಾಗದಕ್ಕೆ ಉತ್ತರ ಬರೆಯುತ್ತಿದ್ದಳು. ಆ ಕಾಗದವನ್ನು ನಾನು ಬರೆದಿರಲಿಲ್ಲ.

ಅಕ್ಕನು ಮಾಡಿದ್ದು ಮೂರನೆಯ ನಿಷೇಧದ ಉಲ್ಲಂಘನೆಯೇ ಎಂದು ಆ ಹುಡುಗನಂಥವನು ಯಾರಾದರೂ ಎದ್ದು ಕೇಳಿದರೆ ಏನು ಹೇಳಬೇಕೆಂಬುದು ನನಗಿನ್ನೂ ನಿಶ್ಚಯವಾಗಿಲ್ಲ. ಮೋಸಹೋದವಳೊಬ್ಬಳು ಇದ್ದಳು, ನಾನೇ ಕೊಟ್ಟ ಲಕ್ಷಣದ ಪ್ರಕಾರ ಅದು ಹುಸಿಯೇ ಸರಿ. ಸಾರು ಚೆನ್ನಾಗಿಲ್ಲವೆಂಬುದು ಮಾತ್ರ ನಿಜವಾಗಿತ್ತು. ಬರೆಯಬೇಕೆಂದು ನನಗೆ ತೋಚಿರಲಿಲ್ಲ. ಓದುಗರಲ್ಲಿ ತಿಳಿದವರು ಇದಕ್ಕೆ ಸಮಾಧಾನ ಹೇಳಿದರೆ ಕೃತಜ್ಞನಾಗುತ್ತೇನೆ.

‘ಸಕ್ಕರೆಯ ಅಕ್ಷರ’ವನ್ನು ಆಮೇಲೆ ಎರಡು ಸಲ ತಿದ್ದಿ ಬರೆದೆ. ಚುಕ್ಕೆಯನ್ನು ತಂದಿಟ್ಟು ಮಗನನ್ನು ಕೊಂಡಾಡಿದಾಗ ಕಥೆಯು ಆ ಗುಲಾಬಿ ಹೂವಿನ ಚಿತ್ರದಂತೆಯೇ ಆಯಿತು, ಅದನ್ನು ಹರಿದುಹಾಕಿದೆ. ಹದಿನಾಲ್ಕು ತಿಂಗಳೂ ಬರಬೇಕು, ಓದಲಾಗದ ಕಾರ್ಡೂ ಬರಬೇಕು, ಚುಕ್ಕೆಯೂ ಬರಬೇಕು. ಈ ವರ್ಷದ ಮೇ ತಿಂಗಳಲ್ಲಿ ಮೂರನೆಯ ಸಲ ಹಿಡಿದಿದ್ದೇನೆ. ಎಮ್ಮೆಯನ್ನು ತೆಗೆದಿದ್ದೇನೆ, ಭಾಷಣವನ್ನೂ ತೆಗೆದಿದ್ದೇನೆ. ಮುದುಕಿ ಕನ್ನಡಕ ಹಾಕಿಕೊಂಡು, ಪೆಟ್ಟಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಮಗ್ಗುಲನ್ನು ತಿರುಗಿಸಿ ನೋಡುತ್ತಿದ್ದಾಳೆ. ಅಲ್ಲಿಯ ವರೆಗೆ ಬಂದಿದೆ. ಅಷ್ಟರಲ್ಲಿ ಶಾಲೆ ಸುರುವಾಯಿತು.